‘ಫಾರ್ಮ್ಯಾಟ್ ಹೊಡೀಬೇಕು’ ಅಂದರು. ಹಾಗಾದರೆ ಒಳಗಿದ್ದದ್ದೆಲ್ಲ ಹೋಯ್ತಾ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಮನೆಯಲ್ಲಿ 2017ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್ ಇದೆ, ವಿಂಡೋಸ್ 10. ಹೆಚ್ಚುವರಿ ಒಂದು ವರ್ಷದ ಅಪ್‌ಡೇಟಿಗೆ ಮಗಳು ನೋಂದಾಯಿಸಿದ್ದಳು. ಹೋದ ವಾರ ‘ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ’ ಎಂದು ತೋರಿಸುತ್ತಿದ್ದಾಗಲೇ ಕರೆಂಟ್ ಹೋಯಿತು. ಯುಪಿಎಸ್ ನಾಲ್ಕು ಸಲ ಕೂಗಿ ಅದೂ ಕೈಕೊಟ್ಟಿತು. ಅವತ್ತಿನಿಂದ ಆನ್ ಮಾಡಿದರೆ ‘ಪ್ರಿಪೇರಿಂಗ್ ಆಟೋಮ್ಯಾಟಿಕ್ ರಿಪೇರ್’ ಅಂತ ಬರುತ್ತದೆ. ಪರದೆ ಕಪ್ಪಾಗಿ, ಆಮೇಲೆ ನೀಲಿಯಾಗಿ, ರಿಪೇರಿ ಮಾಡಲು ಆಗಲಿಲ್ಲ ಎನ್ನುತ್ತದೆ. ಅಂಗಡಿಯವರು ಫೋನಿನಲ್ಲೇ ‘ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಹೊಡೀಬೇಕು, ಸಿ ಡ್ರೈವ್ ಹೋಗುತ್ತೆ, ಡಿ ಡ್ರೈವ್‌ಗೆ ಏನೂ ಆಗಲ್ಲ’ ಅಂದರು. ಆದರೆ ಮುಖ್ಯವಾದದ್ದೆಲ್ಲ ಡೆಸ್ಕ್‌ಟಾಪ್ ಮೇಲೇ ಇದೆ. ನಮ್ಮನೆಯವರ ಅಡಿಕೆ ಲೆಕ್ಕ ಟ್ಯಾಲಿಯಲ್ಲಿದೆ. ಮಗಳ ಪ್ರಾಜೆಕ್ಟ್ ಇದೆ, ವರ್ಷಗಟ್ಟಲೆಯ ಫೋಟೋ ಇದೆ. ಅತ್ತೆ ಹೇಳುತ್ತಿದ್ದ ಸಂಪ್ರದಾಯದ ಹಾಡುಗಳನ್ನು ನಾನು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದೆ, ಅತ್ತೆ ಈಗ ಇಲ್ಲ. ಬೆಂಗಳೂರಲ್ಲಿರುವ ಅಣ್ಣನ ಮಗ ‘ರೀಸೆಟ್ ಒತ್ತಿ, ಕೀಪ್ ಮೈ ಫೈಲ್ಸ್ ಕೊಡಿ, ಅಷ್ಟೇ’ ಅನ್ನುತ್ತಾನೆ. ಪಕ್ಕದ ಮನೆಯವರು ವೈರಸ್ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ:

ಸದ್ಯಕ್ಕೆ ಯಾರ ಮಾತೂ ಬೇಡ. ಕಂಪ್ಯೂಟರನ್ನು ಆಫ್ ಮಾಡಿ, ಹಾಗೇ ಬಿಡಿ. ‘ಇನ್ನೊಂದು ಸಲ ಆನ್ ಮಾಡಿ ನೋಡೋಣ, ಬಂದರೂ ಬರಬಹುದು’ ಅಂತ ದಿನಕ್ಕೆ ಹತ್ತು ಸಲ ಬಟನ್ ಒತ್ತುವುದನ್ನು ಮೊದಲು ನಿಲ್ಲಿಸಿ. ಡಿಸ್ಕ್ ಚೆನ್ನಾಗಿದ್ದರೆ ಅದರಿಂದ ಲಾಭವಿಲ್ಲ. ಡಿಸ್ಕ್ ಸೋತಿದ್ದರೆ ಪ್ರತಿ ಸಲವೂ ನಷ್ಟ.

ನೀವು ಕೇಳಿರುವುದು ಎರಡು ಪ್ರಶ್ನೆ. ಕಂಪ್ಯೂಟರ್ ಮತ್ತೆ ಶುರುವಾಗುತ್ತದಾ ಅನ್ನುವುದು ಒಂದು. ಹಾಡು, ಲೆಕ್ಕ, ಫೋಟೋ ಇವೆಯಾ ಅನ್ನುವುದು ಇನ್ನೊಂದು. ಅಂಗಡಿಯವರು ಉತ್ತರ ಕೊಟ್ಟದ್ದು ಮೊದಲನೆಯದಕ್ಕೆ ಮಾತ್ರ. ನಿಮ್ಮ ಹೆದರಿಕೆ ಇರುವುದು ಎರಡನೆಯದರ ಬಗ್ಗೆ. ಸರ್ವಿಸ್ ಕೆಲಸದಲ್ಲಿ ನಾನು ನೋಡಿದ ನಷ್ಟಗಳಲ್ಲಿ ಹೆಚ್ಚಿನವು ಈ ಎರಡನ್ನು ಒಟ್ಟಿಗೆ ಮಾಡಲು ಹೋಗಿ ಆದವು. ಫೈಲ್ ಹೊರಗೆ ಬರುವ ತನಕ ರಿಪೇರಿ ಅನ್ನುವ ಮಾತೇ ಬೇಡ. ನನ್ನ ಉತ್ತರವೆಲ್ಲ ಈ ಒಂದು ಸಾಲಿನ ಮೇಲೆಯೇ ನಿಂತಿದೆ.

ನೀವು ಹೇಳಿದ ಲಕ್ಷಣ ನೋಡಿದರೆ ಫೈಲ್‌ಗಳು ಇದ್ದಲ್ಲೇ ಇರುವ ಸಂಭವ ಜಾಸ್ತಿ. ವಿಂಡೋಸ್ ಇರುವುದು ಸಿ ಡ್ರೈವಿನಲ್ಲಿ ‘ವಿಂಡೋಸ್’ ಎಂಬ ಫೋಲ್ಡರಿನಲ್ಲಿ. ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲ ಇರುವುದು ಅದೇ ಡ್ರೈವಿನ ‘ಯೂಸರ್ಸ್’ ಎಂಬ ಬೇರೆ ಫೋಲ್ಡರಿನಲ್ಲಿ, ನಿಮ್ಮ ಹೆಸರಿನ ಕೆಳಗೆ. ಮೊದಲನೆಯದು ಕೆಟ್ಟ ಮಾತ್ರಕ್ಕೆ ಎರಡನೆಯದು ಅಳಿಸಿಹೋಗುವುದಿಲ್ಲ. 2024ರ ಜುಲೈ 19 ನೆನಪಿದೆಯಾ? ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿಯ ಒಂದು ತಪ್ಪು ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದುಕೊಟ್ಟರು. ಅವತ್ತು ಬಹಳಷ್ಟು ಕಡೆ ಸೇಫ್ ಮೋಡಿಗೆ (ತೀರಾ ಬೇಕಾದಷ್ಟೇ ಫೈಲ್‌ಗಳಿಂದ ವಿಂಡೋಸ್ ಶುರುವಾಗುವ ರೀತಿ) ಹೋಗಿ ಒಂದು ಚಿಕ್ಕ ಫೈಲ್ ಅಳಿಸಿದರು, ಕಂಪ್ಯೂಟರ್ ಎದ್ದು ಕೂತಿತು. ಅಲ್ಲೆಲ್ಲ ಫಾರ್ಮ್ಯಾಟ್ ಹೊಡೆಯಬೇಕಾಗಿ ಬರಲಿಲ್ಲ.

ವೈರಸ್ ಮಾತು ಬಿಡಿ. ಈಗಿನ ದುಷ್ಟ ಸಾಫ್ಟ್‌ವೇರ್‌ಗಳಿಗೆ ಬೇಕಿರುವುದು ನಿಮ್ಮ ಪಾಸ್‌ವರ್ಡ್, ದುಡ್ಡು. ಕಂಪ್ಯೂಟರ್ ಶುರುವಾಗದಿದ್ದರೆ ಅವಕ್ಕೇ ನಷ್ಟ. ಅಪ್‌ಡೇಟಿನ ನಡುವೆ ಕರೆಂಟ್ ಹೋದದ್ದು ನಿಮ್ಮ ಕಣ್ಣೆದುರೇ ಇರುವಾಗ ಬೇರೆ ಕಾರಣ ಹುಡುಕುವುದು ಯಾಕೆ?

ಡಿ ಡ್ರೈವ್ ಮಾತನ್ನು ಮಾತ್ರ ಹಾಗೆ ಬಿಡುವಂತಿಲ್ಲ. ಎಷ್ಟೋ ಮನೆಗಳಲ್ಲಿ, ಆಫೀಸುಗಳಲ್ಲಿ ಕೂಡ ‘ಡಿಯಲ್ಲಿ ಇಟ್ಟಿದೀನಿ, ಸೇಫ್’ ಅನ್ನುವ ನಂಬಿಕೆ ಇದೆ. ಸಿ, ಡಿ ಎರಡೂ ಸಾಮಾನ್ಯವಾಗಿ ಒಂದೇ ಡಿಸ್ಕಿನ ಎರಡು ಭಾಗ, ಒಂದೇ ಬೀರುವಿನ ಎರಡು ಖಾನೆ ಇದ್ದ ಹಾಗೆ. ಮೇಲಿನ ಖಾನೆ ಖಾಲಿ ಮಾಡಿದರೆ ಕೆಳಗಿನದಕ್ಕೆ ಏನೂ ಆಗುವುದಿಲ್ಲ ಅನ್ನುವಷ್ಟರ ಮಟ್ಟಿಗೆ ಅಂಗಡಿಯವರು ಹೇಳಿದ್ದು ಸರಿ. ಬೀರುವಿಗೇ ಗೆದ್ದಲು ಹಿಡಿದರೆ? ಎರಡೂ ಹೋಗುತ್ತವೆ. ಇನ್ನೊಂದು ಅಪಾಯವೂ ಇದೆ. ವಿಂಡೋಸ್ ಹಾಕುವಾಗ ಬರುವ ಪರದೆಯಲ್ಲಿ ಸಿ, ಡಿ ಅಂತ ಅಕ್ಷರ ಇರುವುದಿಲ್ಲ. ‘ಪಾರ್ಟಿಶನ್ 1, 2, 3’ ಅಂತ ಇರುತ್ತದೆ, ಪಕ್ಕದಲ್ಲಿ ಸೈಜು. ಅವಸರದಲ್ಲಿ ತಪ್ಪು ಸಾಲಿನ ಮೇಲೆ ಡಿಲೀಟ್ ಒತ್ತಿದವರು ಬೇಕಾದಷ್ಟು ಜನ.

ಹಾಗಾದರೆ ಒಳಗೆ ಆಗಿದ್ದೇನು? ವಿಂಡೋಸ್ ಅಪ್‌ಡೇಟ್ ಹೊಸ ಫೈಲ್‌ಗಳನ್ನು ಮೊದಲು ಒಂದು ಕಡೆ ತಂದಿಟ್ಟುಕೊಂಡು, ರೀಸ್ಟಾರ್ಟ್ ಆಗುವಾಗ ಹಳೆಯದರ ಜಾಗಕ್ಕೆ ಕೂರಿಸುತ್ತದೆ. ನಡುವೆ ಕರೆಂಟ್ ಹೋದರೆ ಮುಂದಿನ ಸಲ ಆನ್ ಆದಾಗ ಅದು ಹಿಂದೆ ಸರಿಯಲು ನೋಡುತ್ತದೆ. ‘ಅನ್‌ಡೂಯಿಂಗ್ ಚೇಂಜಸ್’ ಅಂತ ನೀವು ಯಾವಾಗಲಾದರೂ ನೋಡಿರಬಹುದು. ಸಾಮಾನ್ಯವಾಗಿ ಹಿಂದೆ ಸರಿದುಬಿಡುತ್ತದೆ. ಸರಿಯಲಾಗದೆ ಸಿಕ್ಕಿಕೊಂಡರೆ ನಾನು ಅನುಮಾನಿಸುವುದು ಮೂರನ್ನು.

ಅಪ್‌ಡೇಟ್ ನಿಜಕ್ಕೂ ಅರ್ಧಕ್ಕೆ ನಿಂತಿರಬಹುದು, ಅಥವಾ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿ ಎಂಬ ಫೈಲ್ ಬರೆಯುತ್ತಿದ್ದಾಗಲೇ ಕತ್ತಲಾಗಿರಬಹುದು. ಇದು ಬರೀ ಸಾಫ್ಟ್‌ವೇರ್ ತೊಂದರೆ, ಮೂರರಲ್ಲಿ ಒಳ್ಳೆಯದು ಇದೇ.

ಎರಡನೆಯದು ಡಿಸ್ಕ್. 2017ರ ಅಸೆಂಬಲ್ ಅಂದರೆ ಬಹುಶಃ ಒಳಗೆ ತಿರುಗುವ ಹಾರ್ಡ್ ಡಿಸ್ಕ್ ಇರಬೇಕು. ಇಷ್ಟು ವರ್ಷ ತಿರುಗಿದ ಡಿಸ್ಕಿನಲ್ಲಿ ಅಲ್ಲಲ್ಲಿ ಓದಲು ಬಾರದ ಜಾಗಗಳು ಹುಟ್ಟಿರಬಹುದು. ದಿನಾ ಮುಟ್ಟದ ಜಾಗವಾದರೆ ಗೊತ್ತೇ ಆಗುವುದಿಲ್ಲ. ಅಪ್‌ಡೇಟ್ ಬಂದು ಅಲ್ಲಿಗೆ ಕೈ ಹಾಕಿದಾಗ ಬಯಲಾಗುತ್ತದೆ. ಎಲ್ಲರೂ ಅಪ್‌ಡೇಟನ್ನು ಬೈಯುತ್ತಾರೆ, ಕೆಟ್ಟಿದ್ದು ಡಿಸ್ಕ್.

ಮೂರನೆಯದನ್ನು ಅಂಗಡಿಗಳಲ್ಲೂ ಎಷ್ಟೋ ಸಲ ನೋಡುವುದೇ ಇಲ್ಲ. ಮದರ್‌ಬೋರ್ಡ್ ಮೇಲೆ ಒಂದು ರೂಪಾಯಿ ನಾಣ್ಯದಂಥ ಬ್ಯಾಟರಿ ಇರುತ್ತದೆ. ಸಿಆರ್2032 ಅಂತ ಅದರ ಮೇಲೇ ಬರೆದಿರುತ್ತದೆ, 3 ವೋಲ್ಟಿನದು. ತಾರೀಖು, ಸಮಯ, ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡುವ, ಮದರ್‌ಬೋರ್ಡಿನದೇ ಪುಟ್ಟ ಪ್ರೋಗ್ರಾಂ) ಸೆಟ್ಟಿಂಗ್‌ಗಳನ್ನು ಕರೆಂಟ್ ಇಲ್ಲದಾಗ ನೆನಪಿಟ್ಟುಕೊಳ್ಳುವುದು ಅದರ ಕೆಲಸ. ಗೋಡೆಯ ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ಹೊತ್ತು ಅದಕ್ಕೆ ಕೆಲಸ ಕಮ್ಮಿ. ಆದರೆ ಗುಡುಗು ಬಂದರೆ ಪ್ಲಗ್ ಕೀಳುವ ಮಲೆನಾಡಿನ ಮನೆಗಳಲ್ಲಿ ಮಳೆಗಾಲವಿಡೀ ಕಂಪ್ಯೂಟರ್ ಈ ಪುಟ್ಟ ಬ್ಯಾಟರಿ ಮೇಲೇ ಇರುತ್ತದೆ. ಅದು ಸತ್ತರೆ ಬಯಾಸ್ ಎಲ್ಲ ಮರೆತು ಫ್ಯಾಕ್ಟರಿ ಸೆಟ್ಟಿಂಗಿಗೆ ಹೋಗುತ್ತದೆ. ಡಿಸ್ಕ್ ಜೊತೆ ಮಾತಾಡುವ ರೀತಿ ಬದಲಾದರೆ, ಉದಾಹರಣೆಗೆ ಎಎಚ್‌ಸಿಐ ಇದ್ದದ್ದು ರೇಡ್‌ಗೋ ಐಡಿಇಗೋ ತಿರುಗಿದರೆ, ವಿಂಡೋಸ್‌ಗೆ ತನ್ನ ಡಿಸ್ಕೇ ಸಿಗುವುದಿಲ್ಲ. ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂದು ನೀಲಿ ಪರದೆ ಬರುತ್ತದೆ, ಆಮೇಲೆ ನಿಮ್ಮಲ್ಲಿ ಬಂದಂಥದ್ದೇ ರಿಪೇರಿ ಚಕ್ರ. ವಿಂಡೋಸ್‌ಗೆ ಏನೂ ಆಗಿರುವುದಿಲ್ಲ. ಬ್ಯಾಟರಿ ಬದಲಾಯಿಸಿ ಆ ಒಂದು ಸೆಟ್ಟಿಂಗ್ ವಾಪಸ್ ಇಟ್ಟರೆ ಮುಗಿಯಿತು. ಇಂಥ ಕಂಪ್ಯೂಟರಿಗೂ ಫಾರ್ಮ್ಯಾಟ್ ಹೊಡೆದು ದುಡ್ಡು ತೆಗೆದುಕೊಳ್ಳುತ್ತಾರೆ. ಬೇಕಂತ ಅಲ್ಲ, ನೋಡುವುದಿಲ್ಲ ಅಷ್ಟೇ.

ಮೂರರಲ್ಲಿ ಯಾವುದು ಅಂತ ಮನೆಯಲ್ಲೇ ಸ್ವಲ್ಪ ಮಟ್ಟಿಗೆ ತಿಳಿಯಬಹುದು. ಪ್ರಿಂಟರ್, ಪೆನ್‌ಡ್ರೈವ್ ಎಲ್ಲ ಕಿತ್ತು, ಕೀಬೋರ್ಡ್, ಮೌಸ್ ಮಾತ್ರ ಇಟ್ಟುಕೊಳ್ಳಿ. ಆನ್ ಮಾಡಿದ ಕೂಡಲೇ ಡಿಲೀಟ್ ಕೀಯನ್ನೋ ಎಫ್2 ಕೀಯನ್ನೋ ಒತ್ತುತ್ತಾ ಇರಿ, ಬಯಾಸ್ ತೆರೆಯುತ್ತದೆ. ಅಲ್ಲಿ ತಾರೀಖು ನೋಡಿ. ಎಷ್ಟೋ ವರ್ಷ ಹಿಂದಿನ ಜನವರಿ 1 ಅಂತಿದ್ದರೆ ಬ್ಯಾಟರಿ ಹೋಗಿದೆ. ಆಮೇಲೆ ಡಿಸ್ಕಿನ ಹೆಸರು, ಮಾಡೆಲ್ ನಂಬರ್ ಕಾಣುತ್ತದಾ ನೋಡಿ. ಕಾಣದಿದ್ದರೆ ಡಿಸ್ಕಿಗೆ ಹೋಗುವ ತೆಳು ಕೇಬಲ್ ಸಡಿಲವಾಗಿರಬಹುದು. ಪ್ಲಗ್ ಕಿತ್ತು, ಆ ಕೇಬಲ್ ತೆಗೆದು ಮತ್ತೆ ಗಟ್ಟಿಯಾಗಿ ಕೂರಿಸಿ. ಈ ಹೊತ್ತಿನಲ್ಲಿ ಕಿವಿಯನ್ನೂ ಕ್ಯಾಬಿನೆಟ್ ಹತ್ತಿರ ಇಡಿ. ಒಂದೇ ಸಮ ಗುಂಯ್ ಅಂದರೆ ಸರಿ. ‘ಟಕ್… ಟಕ್… ಟಕ್’ ಅಂತ ಲಯಬದ್ಧವಾಗಿ ಬಡಿದು ನಿಂತು, ಮತ್ತೆ ಬಡಿಯುತ್ತಿದ್ದರೆ ಕೂಡಲೇ ಪ್ಲಗ್ ಕೀಳಿ. ಡಿಸ್ಕಿನೊಳಗಿನ ಓದುವ ಹೆಡ್ ಕೆಟ್ಟಿರಬಹುದು. ಆಗ ಮನೆಯಲ್ಲೂ ಏನೂ ಮಾಡಬೇಡಿ, ಊರಿನ ಅಂಗಡಿಯಲ್ಲೂ ಬೇಡ. ಧೂಳಿಲ್ಲದ ಕೋಣೆ ಇರುವ ಡೇಟಾ ರಿಕವರಿ ಲ್ಯಾಬ್‌ಗೇ ಹೋಗಬೇಕು. ಖರ್ಚು ಜಾಸ್ತಿ, ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟು ತೆಗೆದರೆ ಓಡುತ್ತದೆ ಅನ್ನುವ ಸಲಹೆ ಇನ್ನೂ ಓಡಾಡುತ್ತಿದೆ. ದಯವಿಟ್ಟು ಬೇಡ, ಹೊರಗೆ ತೆಗೆದ ಕೂಡಲೇ ಒಳಗೆಲ್ಲ ನೀರಿನ ಹನಿ ಕೂರುತ್ತದೆ.

ಟಕ್ ಟಕ್ ಇಲ್ಲ, ಬಯಾಸಿನಲ್ಲಿ ಡಿಸ್ಕ್ ಕಾಣುತ್ತಿದೆ ಅನ್ನೋಣ. ನೀಲಿ ಪರದೆಯವರೆಗೆ ಬರುತ್ತಿದೆ ಅಂದ ಮೇಲೆ ಇದೇ ಇರಬೇಕು. ಈಗ ಫೈಲ್ ತೆಗೆಯುವ ಕೆಲಸ. ಇದಕ್ಕೆ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಬೇಕು. ಹಾಡು, ಲೆಕ್ಕಕ್ಕಾದರೆ ದೊಡ್ಡ ಪೆನ್‌ಡ್ರೈವೂ ಸಾಕು. ಅದನ್ನು ಮೊದಲೇ ಚುಚ್ಚಿ, ಆಮೇಲೆ ಕಂಪ್ಯೂಟರ್ ಆನ್ ಮಾಡಿ.

ರಿಪೇರಿ ಆಗಲಿಲ್ಲ ಎನ್ನುವ ಆ ನೀಲಿ ಪರದೆಯಲ್ಲಿ ‘ಅಡ್ವಾನ್ಸ್ಡ್ ಆಪ್ಶನ್ಸ್’ ಅಂತ ಇರುತ್ತದೆ. ಅದರಲ್ಲಿ ‘ಟ್ರಬಲ್‌ಶೂಟ್’, ಮತ್ತೆ ‘ಅಡ್ವಾನ್ಸ್ಡ್ ಆಪ್ಶನ್ಸ್’, ಅಲ್ಲಿ ‘ಕಮಾಂಡ್ ಪ್ರಾಂಪ್ಟ್’. ಪಾಸ್‌ವರ್ಡ್ ಕೇಳಿದರೆ ಕೊಡಿ. ಕಪ್ಪು ಕಿಟಕಿ ತೆರೆದ ಮೇಲೆ ಇಂಗ್ಲಿಷಿನಲ್ಲಿ ನೋಟ್‌ಪ್ಯಾಡ್ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ವಿಂಡೋಸ್ ಶುರುವಾಗದಿದ್ದರೂ ನೋಟ್‌ಪ್ಯಾಡ್ ತೆರೆಯುತ್ತದೆ! ಅದರಲ್ಲಿ ಫೈಲ್, ಓಪನ್. ಕೆಳಗೆ ‘ಟೆಕ್ಸ್ಟ್ ಡಾಕ್ಯುಮೆಂಟ್ಸ್’ ಅಂತಿರುವುದನ್ನು ‘ಆಲ್ ಫೈಲ್ಸ್’ ಮಾಡಿ. ಎಡಗಡೆ ‘ದಿಸ್ ಪಿಸಿ’ ಒತ್ತಿದರೆ ಡ್ರೈವ್‌ಗಳೆಲ್ಲ ಕಾಣುತ್ತವೆ. ಗಾಬರಿ ಬೇಡ, ಇಲ್ಲಿ ಅಕ್ಷರಗಳು ಅದಲುಬದಲಾಗಿರಬಹುದು. ನಿಮ್ಮ ಸಿ ಇಲ್ಲಿ ಡಿ ಆಗಿರಬಹುದು, ಇ ಆಗಿರಬಹುದು. ಎಕ್ಸ್ ಅಂತ ಒಂದು ಡ್ರೈವ್ ಇರುತ್ತದೆ, ಅದು ಈ ರಿಪೇರಿ ಪರದೆಯದ್ದೇ, ನಿಮ್ಮದು ಅಲ್ಲಿ ಏನೂ ಇಲ್ಲ. ‘ಯೂಸರ್ಸ್’ ಫೋಲ್ಡರ್, ಅದರೊಳಗೆ ನಿಮ್ಮ ಹೆಸರು ಯಾವುದರಲ್ಲಿದೆಯೋ ಅದು ನಿಮ್ಮ ಸಿ.

ಅಲ್ಲಿ ‘ಡೆಸ್ಕ್‌ಟಾಪ್’ ಫೋಲ್ಡರ್ ತೆರೆದು ಹಾಡಿನ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಕಾಪಿ ಕೊಡಿ. ಪೆನ್‌ಡ್ರೈವಿಗೆ ಹೋಗಿ ಖಾಲಿ ಜಾಗದಲ್ಲಿ ಪೇಸ್ಟ್. ಒಂದು ವಿಷಯ ಗೊತ್ತಿರಲಿ: ಇಲ್ಲಿ ಎಷ್ಟು ಕಾಪಿ ಆಯಿತು ಅಂತ ತೋರಿಸುವ ಹಸಿರು ಪಟ್ಟಿ ಬರುವುದಿಲ್ಲ. ದೊಡ್ಡ ಫೋಲ್ಡರ್ ಕೊಟ್ಟರೆ ಕಂಪ್ಯೂಟರ್ ಕಲ್ಲಿನ ಹಾಗೆ ಕೂತುಬಿಡುತ್ತದೆ. ಹ್ಯಾಂಗ್ ಆಯಿತು ಅಂತ ಆಫ್ ಮಾಡಬೇಡಿ. ಡಿಸ್ಕಿನ ಚಿಕ್ಕ ದೀಪ ಮಿನುಗುತ್ತಿದೆಯಾ ನೋಡಿಕೊಂಡು ಕಾಯಿರಿ. ಡೆಸ್ಕ್‌ಟಾಪ್ ಪೂರ್ತಿ ಒಂದೇ ಸಲ ಕೊಡುವ ಬದಲು ಒಂದೊಂದೇ ಫೋಲ್ಡರ್ ಕೊಟ್ಟರೆ ಒಳ್ಳೆಯದು.

ಯಾವುದು ಮೊದಲು? ಚಿಕ್ಕದು, ಮತ್ತೆ ಸಿಗಲಾರದ್ದು ಮೊದಲು. ಹಾಡುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಕಾಪಿ ಆಗುತ್ತವೆ. ಆಮೇಲೆ ಟ್ಯಾಲಿಯ ‘ಡೇಟಾ’ ಫೋಲ್ಡರ್. ಅದು ಡೆಸ್ಕ್‌ಟಾಪಿನಲ್ಲಿ ಇರುವುದಿಲ್ಲ. ಸಾಮಾನ್ಯವಾಗಿ ‘ಯೂಸರ್ಸ್’ ಒಳಗಿನ ‘ಪಬ್ಲಿಕ್’ ಫೋಲ್ಡರಿನಲ್ಲಿ ಟ್ಯಾಲಿ ಹೆಸರಿನ ಕೆಳಗೆ, ಇಲ್ಲದಿದ್ದರೆ ಸಿ ಡ್ರೈವ್ ತೆರೆದ ಕೂಡಲೇ ಕಾಣುವ ಟ್ಯಾಲಿ ಫೋಲ್ಡರಿನಲ್ಲಿ ಇರುತ್ತದೆ. ಡೆಸ್ಕ್‌ಟಾಪಿನಲ್ಲಿದ್ದ ಟ್ಯಾಲಿ ಐಕಾನ್ ಕಾಪಿ ಮಾಡಿಕೊಂಡು ‘ಲೆಕ್ಕ ತೆಗೆದುಕೊಂಡೆ’ ಅಂದುಕೊಳ್ಳುವವರಿದ್ದಾರೆ. ಅದು ಬರೀ ಶಾರ್ಟ್‌ಕಟ್. ಆಮೇಲೆ ಮಗಳ ಪ್ರಾಜೆಕ್ಟ್. ಫೋಟೋ, ವಿಡಿಯೋ ಕೊನೆಗೆ, ಅವೇ ಭಾರ. ಕಾಪಿ ಮಾಡಿದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ ಮೇಲೆಯೇ ಬಂತು ಅಂತ ಲೆಕ್ಕ. ಯಾವುದೋ ಒಂದು ಫೋಲ್ಡರಿಗೆ ಬಂದಾಗ ಮಾತ್ರ ಪ್ರತಿ ಸಲ ಸಿಕ್ಕಿಕೊಳ್ಳುತ್ತಿದ್ದರೆ ಅದನ್ನು ಬಿಟ್ಟು ಮುಂದೆ ಹೋಗಿ. ಡಿಸ್ಕಿಗೆ ಪೆಟ್ಟು ಬಿದ್ದಿದೆ ಅನ್ನುವುದಕ್ಕೆ ಅದೇ ಸುಳಿವು.

ಈ ದಾರಿ ಕಷ್ಟ ಅನ್ನಿಸಿದರೆ ಬೇರೆ ಎರಡು ದಾರಿ ಇವೆ. ಮೊದಲನೆಯದು, ಬೇರೆ ಕಂಪ್ಯೂಟರಿನಲ್ಲಿ ವಿಂಡೋಸ್ ಬದಲಿಗೆ ಬಳಸುವ ಉಬುಂಟು ಅಥವಾ ಲಿನಕ್ಸ್ ಮಿಂಟ್‌ನ ಪೆನ್‌ಡ್ರೈವ್ ಮಾಡಿಸಿ. ಅದಕ್ಕೆ ಬಳಸುವ ಪೆನ್‌ಡ್ರೈವ್ ಪೂರ್ತಿ ಅಳಿಸಿಹೋಗುತ್ತದೆ, ಖಾಲಿ ಇರುವುದನ್ನೇ ಕೊಡಿ. ನಿಮ್ಮ ಕಂಪ್ಯೂಟರನ್ನು ಅದರಿಂದ ಶುರು ಮಾಡಿದರೆ ಏನೂ ಇನ್‌ಸ್ಟಾಲ್ ಮಾಡದೆ ಫೈಲ್ ಕಾಪಿ ಮಾಡಬಹುದು. ‘ಇನ್‌ಸ್ಟಾಲ್’ ಒತ್ತಬೇಡಿ, ‘ಟ್ರೈ’ ಅಂತಿರುವುದನ್ನು ಒತ್ತಿ. ಇದರ ಇನ್ನೊಂದು ಲಾಭ, ಅದರಲ್ಲಿರುವ ‘ಡಿಸ್ಕ್ಸ್’ ಎಂಬ ಪ್ರೋಗ್ರಾಂ ಹಾರ್ಡ್ ಡಿಸ್ಕಿನ ಆರೋಗ್ಯದ ಪಟ್ಟಿ ತೋರಿಸುತ್ತದೆ. ಅದರಲ್ಲಿ 5ನೇ ಮತ್ತು 197ನೇ ನಂಬರಿನ ಸಾಲು ನೋಡಿ. ಕೆಟ್ಟು ಬದಲಿ ಜಾಗ ಪಡೆದ ಭಾಗಗಳು 5ರಲ್ಲಿ, ಓದಲಾಗದೆ ಕಾಯುತ್ತಿರುವ ಭಾಗಗಳು 197ರಲ್ಲಿ. ಎರಡೂ ಸೊನ್ನೆ ಇದ್ದರೆ ನೆಮ್ಮದಿ. 197 ಸೊನ್ನೆಯಲ್ಲದಿದ್ದರೆ ಆ ಡಿಸ್ಕ್ ಮೇಲೆ ಇನ್ನು ನಂಬಿಕೆ ಬೇಡ. ಎರಡನೇ ದಾರಿ, ಡಿಸ್ಕ್ ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸುವುದು. ಅಂಗಡಿಯವರಿಗೆ ಇದು ಹತ್ತು ನಿಮಿಷದ ಕೆಲಸ. ಆ ಇನ್ನೊಂದು ಕಂಪ್ಯೂಟರ್ ‘ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಲಾ?’ ಅಂತ ಕೇಳಬಹುದು. ಉತ್ತರ ಬೇಡ ಅಂತಲೇ ಇರಲಿ.

ನುಡಿ ಫೈಲಿನ ಬಗ್ಗೆ ಬೇರೆಯಾಗಿ ಹೇಳಬೇಕು. ಕಾಪಿ ಮಾಡಿದ ಹಾಡನ್ನು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚುಕ್ಕೆ, ಕೊಂಬುಗಳು ಕಂಡರೆ ಎದೆ ಒಡೆದುಕೊಳ್ಳಬೇಡಿ. ಫೈಲ್ ಕೆಟ್ಟಿಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಪದ್ಧತಿ) ಅಲ್ಲದ ಹಳೇ ರೀತಿಯಲ್ಲಿ ಟೈಪ್ ಮಾಡಿದ ನುಡಿ ಫೈಲ್ ಒಳಗೆ ಇರುವುದೇ ಹಾಗೆ. ಅದಕ್ಕೆ ಕನ್ನಡದ ರೂಪ ಕೊಡುವುದು ನುಡಿಯ ಫಾಂಟ್. ಆ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲ, ಅಷ್ಟೇ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಹಾಕಿದರೆ ಅಕ್ಷರ ಮರಳಿ ಬರುತ್ತದೆ. ಫಾರ್ಮ್ಯಾಟ್ ಆದ ಮೇಲೆ ‘ನಮ್ಮ ಕನ್ನಡ ಫೈಲ್ ಎಲ್ಲ ಕರಪ್ಟ್’ ಅಂತ ಬಂದವರಿಗೆ ಫಾಂಟ್ ಹಾಕಿಕೊಟ್ಟು ಕಳಿಸುವುದು ನಮ್ಮಲ್ಲಿ ಮಾಮೂಲು. ಬೇಸರದ ವಿಷಯ ಅಂದರೆ, ಕೆಲವರು ಅಷ್ಟು ಹೊತ್ತಿಗೆ ಆ ಫೈಲ್‌ಗಳನ್ನು ಅಳಿಸಿಬಿಟ್ಟಿರುತ್ತಾರೆ. ನಿಮ್ಮ ಹಳೇ ಡಿಸ್ಕಿನ ‘ವಿಂಡೋಸ್’ ಒಳಗಿನ ‘ಫಾಂಟ್ಸ್’ ಫೋಲ್ಡರನ್ನೂ ಕಾಪಿ ಮಾಡಿಟ್ಟುಕೊಳ್ಳಿ, ನೀವು ಬಳಸಿದ ಅದೇ ಫಾಂಟ್ ಕೈಯಲ್ಲಿರುತ್ತದೆ. ಎಲ್ಲ ಸರಿಹೋದ ಮೇಲೆ ಹಾಡುಗಳನ್ನು ಯೂನಿಕೋಡಿಗೆ ಬದಲಾಯಿಸಿ, ಒಂದು ಪ್ರತಿ ಮಗಳಿಗೂ ಕಳಿಸಿ. ಬದಲಾಯಿಸಿದ ಮೇಲೆ ಒಮ್ಮೆ ಓದಿ ನೋಡಿ, ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಎಡವುತ್ತವೆ.

ಫೈಲ್ ಹೊರಗೆ ಬಂತು ಅನ್ನೋಣ. ಇನ್ನು ಧೈರ್ಯವಾಗಿ ರಿಪೇರಿ ಮಾಡಬಹುದು.

ನಿಮ್ಮ ಕಥೆಯಲ್ಲಿ ಮೊದಲು ನೋಡಬೇಕಾದ್ದು ಅದೇ ನೀಲಿ ಪರದೆಯ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’. ಅದರಲ್ಲಿ ‘ಕ್ವಾಲಿಟಿ ಅಪ್‌ಡೇಟ್’ ಒತ್ತಿ. ಅರ್ಧಕ್ಕೆ ನಿಂತದ್ದನ್ನು ತೆಗೆದುಹಾಕಲು ಅದು ನೋಡುತ್ತದೆ. ಆಗದಿದ್ದರೆ ‘ಸಿಸ್ಟಂ ರಿಸ್ಟೋರ್’. ಹಳೇ ತಾರೀಖು ಯಾವುದಾದರೂ ಸಿಕ್ಕರೆ ಅದಕ್ಕೆ ಹೋಗಿ. ಇದು ಫೋಟೋ, ಡಾಕ್ಯುಮೆಂಟ್ ಮುಟ್ಟುವುದಿಲ್ಲ. ಆದರೆ ಆ ಸೌಲಭ್ಯ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಆಫ್ ಆಗಿಯೇ ಇರುತ್ತದೆ, ಪಟ್ಟಿ ಖಾಲಿ ಬಂದರೆ ಆಶ್ಚರ್ಯವಿಲ್ಲ. ಅದೂ ಆಗದಿದ್ದರೆ ಕಮಾಂಡ್ ಗೊತ್ತಿರುವ ಟೆಕ್ನಿಶಿಯನ್‌ಗೆ ಹೇಳಿ: ‘ಡಿಸ್ಮ್‌ನಲ್ಲಿ ರಿವರ್ಟ್ ಪೆಂಡಿಂಗ್ ಆಕ್ಷನ್ಸ್ ಮಾಡಿ ನೋಡಿ, ಆಮೇಲೆ ಎಸ್‌ಎಫ್‌ಸಿಯನ್ನು ಆಫ್‌ಲೈನ್ ಆಗಿ ಓಡಿಸಿ.’ ಬಾಕಿ ಉಳಿದ ಅಪ್‌ಡೇಟ್ ಕೆಲಸವನ್ನು ರದ್ದು ಮಾಡುವುದು ಮೊದಲನೆಯದು, ಕೆಟ್ಟ ವಿಂಡೋಸ್ ಫೈಲ್‌ಗಳ ಜಾಗಕ್ಕೆ ಒಳ್ಳೆಯದನ್ನು ಹಾಕುವುದು ಎರಡನೆಯದು.

ಯೂಟ್ಯೂಬ್ ನೋಡಿ ನೀವೇ ಕಮಾಂಡ್ ಹೊಡೆಯುವುದಾದರೆ ಮೂರು ಕಡೆ ಹುಷಾರು. ಚೆಕ್‌ಡಿಸ್ಕ್ ಎಂಬ ಕಮಾಂಡನ್ನು ಎಲ್ಲರೂ ಮೊದಲೇ ಓಡಿಸಲು ಹೇಳುತ್ತಾರೆ. ಸೋತ ಡಿಸ್ಕ್ ಮೇಲೆ ಅದು ಗಂಟೆಗಟ್ಟಲೆ ಉಜ್ಜುತ್ತದೆ, ಹೊಂದಿಕೆಯಾಗದ ಫೈಲನ್ನು ಕತ್ತರಿಸಿಯೂ ಹಾಕುತ್ತದೆ. ಕಾಪಿ ಆಗುವ ಮೊದಲು ಅದು ಬೇಡವೇ ಬೇಡ. ‘ರೆಗ್‌ಬ್ಯಾಕ್’ ಫೋಲ್ಡರಿನಿಂದ ರಿಜಿಸ್ಟ್ರಿ ವಾಪಸ್ ತನ್ನಿ ಅನ್ನುವ ವಿಡಿಯೋಗಳು ಹಳೆಯ ಕಾಲದವು. 2018ರ 1803 ಆವೃತ್ತಿಯಿಂದ ವಿಂಡೋಸ್ 10 ಅಲ್ಲಿಗೆ ತಾನಾಗಿ ಬ್ಯಾಕಪ್ ಇಡುವುದನ್ನೇ ನಿಲ್ಲಿಸಿದೆ. ಈಗ ಅಲ್ಲಿರುವ ಫೈಲ್‌ಗಳ ಸೈಜು ಸೊನ್ನೆ. ಆ ಸೊನ್ನೆಯನ್ನು ತಂದು ಅಷ್ಟೋ ಇಷ್ಟೋ ಉಳಿದಿದ್ದ ರಿಜಿಸ್ಟ್ರಿ ಮೇಲೆ ಹಾಕಿದರೆ ಇದ್ದದ್ದೂ ಹೋಗುತ್ತದೆ. ಇನ್ನು ‘ಡಿಸ್ಕ್‌ಪಾರ್ಟ್’ನಲ್ಲಿ ‘ಕ್ಲೀನ್’ ಅನ್ನುವ ಪದ. ಕೇಳಲು ಎಷ್ಟು ಚೆಂದ ಅಲ್ವಾ? ಸಿ, ಡಿ ಎಂಬ ವಿಭಾಗಗಳನ್ನೇ ಇಡೀ ಡಿಸ್ಕಿನಿಂದ ಕಿತ್ತುಹಾಕುತ್ತದೆ, ‘ಖಂಡಿತಾನಾ?’ ಅಂತ ಒಂದು ಮಾತೂ ಕೇಳುವುದಿಲ್ಲ.

ನಿಮ್ಮ ಅಣ್ಣನ ಮಗನ ಸಲಹೆ ತಪ್ಪಲ್ಲ, ಹೊತ್ತು ತಪ್ಪು. ‘ಕೀಪ್ ಮೈ ಫೈಲ್ಸ್’ ಕೊಟ್ಟು ರೀಸೆಟ್ ಮಾಡಿದರೆ ಫೋಟೋ, ಡಾಕ್ಯುಮೆಂಟ್ ಸಾಮಾನ್ಯವಾಗಿ ಉಳಿಯುತ್ತವೆ. ನುಡಿ, ಟ್ಯಾಲಿ, ಪ್ರಿಂಟರ್ ಸಾಫ್ಟ್‌ವೇರ್ ಎಲ್ಲ ಹೋಗುತ್ತವೆ, ಮತ್ತೆ ಹಾಕಬೇಕು. ಆದರೆ ಈ ಕೆಲಸದಲ್ಲಿ ವಿಂಡೋಸ್ ಹಲವಾರು ಜಿಬಿ ಹೊಸದಾಗಿ ಬರೆಯುತ್ತದೆ. ಡಿಸ್ಕ್ ಸೋತಿದ್ದರೆ, ಅಥವಾ ನಡುವೆ ಮತ್ತೆ ಕರೆಂಟ್ ಹೋದರೆ, ಈಗಿರುವುದಕ್ಕಿಂತ ಕೆಟ್ಟ ಸ್ಥಿತಿಗೆ ಬರುತ್ತೀರಿ. ಕಾಪಿ ಆದ ಮೇಲೆ ಬೇಕಾದರೆ ಮಾಡಿ.

ನನ್ನನ್ನು ಕೇಳಿದರೆ ಅದೂ ಬೇಡ. ಇದು ನನ್ನ ಮನೆಯ ಕಂಪ್ಯೂಟರ್ ಆಗಿದ್ದರೆ ಒಂದು ಹೊಸ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್ಪಿನ ಡಿಸ್ಕ್) ತಂದು, ಅದರ ಮೇಲೆ ವಿಂಡೋಸ್ ಹೊಸದಾಗಿ ಹಾಕಿ, ಹಳೇ ಡಿಸ್ಕನ್ನು ಬಿಚ್ಚಿ ಕಾಗದದಲ್ಲಿ ಸುತ್ತಿ ಕಪಾಟಿನಲ್ಲಿ ಇಡುತ್ತಿದ್ದೆ. 256 ಜಿಬಿಯದೇ ಸಾಕು. ಖರ್ಚಿದೆ, ನಿಜ. ಆದರೆ ಹಳೇ ಕಂಪ್ಯೂಟರ್ ಹೊಸದರ ಹಾಗೆ ಓಡುತ್ತದೆ. ‘ಅಯ್ಯೋ, ಆ ಫೋಲ್ಡರ್ ಮರೆತೆ’ ಅನ್ನುವುದು ಎಲ್ಲರಿಗೂ ಎರಡು ತಿಂಗಳ ಮೇಲೆ ಆಗೇ ಆಗುತ್ತದೆ. ಆಗ ಹಳೇ ಡಿಸ್ಕ್ ಫಾರ್ಮ್ಯಾಟ್ ಆಗದೆ ಕಪಾಟಿನಲ್ಲಿರುತ್ತದೆ. ತಿರುಗುವ ಡಿಸ್ಕಿಗೆ ಬರೀ ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ರಿಕವರಿ ಸಾಫ್ಟ್‌ವೇರಿನಿಂದ ಸ್ವಲ್ಪ ಸಿಗುತ್ತದೆ, ಮೇಲೆ ಹೊಸದೇನೂ ಬರೆಯದಿದ್ದರೆ. ಎಸ್‌ಎಸ್‌ಡಿಗೆ ಫಾರ್ಮ್ಯಾಟ್ ಆದರೆ ಆ ಆಸೆಯೂ ಇಲ್ಲ. ಖಾಲಿಯಾದ ಜಾಗವನ್ನು ಟ್ರಿಮ್ ಎಂಬ ವ್ಯವಸ್ಥೆ ಬೇಗನೆ ಒರೆಸಿಬಿಡುತ್ತದೆ. ಲ್ಯಾಪ್‌ಟಾಪ್ ಇರುವ ಓದುಗರಿಗೆ ಇದು ಮುಖ್ಯ.

ಲ್ಯಾಪ್‌ಟಾಪಿನವರಿಗೆ ಇನ್ನೊಂದು ಮಾತು. ವಿಂಡೋಸ್ 11ರ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿ ಬಿಟ್‌ಲಾಕರ್ ಎಂಬ ವಿಂಡೋಸ್‌ನದೇ ಬೀಗದಿಂದ ಲಾಕ್ ಆಗಿರಬಹುದು. ಆಗ ಮೇಲೆ ಹೇಳಿದ ನೋಟ್‌ಪ್ಯಾಡ್ ಉಪಾಯಕ್ಕೂ, ಡಿಸ್ಕ್ ಬಿಚ್ಚಿ ಜೋಡಿಸುವುದಕ್ಕೂ 48 ಅಂಕಿಗಳ ರಿಕವರಿ ಕೀ ಬೇಕು. ಮೊದಲ ಸಲ ಸೈನ್ ಇನ್ ಆದ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಅದು ಸಾಮಾನ್ಯವಾಗಿ ಉಳಿದಿರುತ್ತದೆ. ಲ್ಯಾಪ್‌ಟಾಪ್ ಚೆನ್ನಾಗಿರುವಾಗಲೇ ಫೋನಿನಿಂದ ಅಕೌಂಟ್ ತೆರೆದು ಕೀ ಇದೆಯಾ ನೋಡಿ, ಕಾಗದದ ಮೇಲೆ ಬರೆದಿಡಿ. ಅಂಗಡಿಯವರು ತಮ್ಮ ಇಮೇಲಿನಿಂದ ಸೆಟಪ್ ಮಾಡಿಕೊಟ್ಟಿದ್ದರೆ ಆ ಕೀ ಅವರ ಅಕೌಂಟಿನಲ್ಲಿರುತ್ತದೆ! ಪ್ರಶ್ನೆ ಕೇಳಿದ ನಿಮಗೂ ಇದರಿಂದ ಒಂದು ಆಸೆ ಇದೆ: ಹೆಚ್ಚುವರಿ ಅಪ್‌ಡೇಟಿಗೆ ನೋಂದಾಯಿಸಲು ಮಗಳು ಮೈಕ್ರೋಸಾಫ್ಟ್ ಅಕೌಂಟ್ ಬಳಸಿರಬೇಕು. ಅದೇ ಅಕೌಂಟಿನಿಂದ ಫೋನಿನಲ್ಲಿ ಒನ್‌ಡ್ರೈವ್ (ಫೈಲ್‌ಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್ ಸೇವೆ) ತೆರೆದು ನೋಡಲು ಹೇಳಿ. ಡೆಸ್ಕ್‌ಟಾಪ್ ಫೋಲ್ಡರ್ ಗೊತ್ತಿಲ್ಲದಂತೆಯೇ ಅಲ್ಲಿಗೆ ಹೋಗಿ ಕೂತಿರುವ ಉದಾಹರಣೆಗಳಿವೆ. ಕಂಪ್ಯೂಟರ್ ಮುಟ್ಟುವ ಮೊದಲೇ ಇದನ್ನು ನೋಡಿಬಿಡಿ, ಕಾಸು ಖರ್ಚಿಲ್ಲ.

ಮುಂದೆ ಯಾವ ವಿಂಡೋಸ್ ಅನ್ನುವುದು ಉಳಿಯಿತು. ವಿಂಡೋಸ್ 10ರ ಸಾಮಾನ್ಯ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮಗಳು ನೋಂದಾಯಿಸಿದ ಹೆಚ್ಚುವರಿ ವರ್ಷ 2026ರ ಅಕ್ಟೋಬರ್ 13ರವರೆಗೆ. 2017ರ ಪ್ರೊಸೆಸರನ್ನು ವಿಂಡೋಸ್ 11 ಅಧಿಕೃತವಾಗಿ ಬಹುಮಟ್ಟಿಗೆ ಒಪ್ಪುವುದಿಲ್ಲ, ಇಂಟೆಲ್ ಆದರೆ 8ನೇ ತಲೆಮಾರಿನಿಂದ ಮೇಲಿನದು ಬೇಕು. ಒಳದಾರಿಯಿಂದ ಹಾಕುವವರಿದ್ದಾರೆ. ಓಡುತ್ತದೆ, ಆದರೆ ಅಂಥ ಕಂಪ್ಯೂಟರಿಗೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. ಟ್ಯಾಲಿ, ನುಡಿ ಬಳಸುವ ಮನೆಗೆ ಸದ್ಯಕ್ಕೆ ವಿಂಡೋಸ್ 10 ಹಾಕಿಸಿ, ಅಷ್ಟರೊಳಗೆ ಮುಂದಿನ ಕಂಪ್ಯೂಟರಿಗೆ ದುಡ್ಡು ಹೊಂದಿಸಿಕೊಳ್ಳುವುದೇ ಸರಿ ಅಂತ ನನ್ನ ಅಭಿಪ್ರಾಯ. ನಿಮ್ಮ ವಿಂಡೋಸ್ ಅಸಲಿಯಾಗಿದ್ದರೆ ಅದರ ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಾಯಿಸಿ ಅದೇ ಆವೃತ್ತಿ ಹಾಕಿದರೆ, ಇಂಟರ್ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ಯಾರಾದರೂ ಆಂಟಿವೈರಸ್ ಆಫ್ ಮಾಡಿ ‘ಆಕ್ಟಿವೇಟರ್’ (ನಕಲಿ ವಿಂಡೋಸನ್ನು ಅಸಲಿ ಎಂದು ತೋರಿಸುವ ಪ್ರೋಗ್ರಾಂ) ಓಡಿಸಲು ಬಂದರೆ ಬೇಡ ಅನ್ನಿ.

ಅಂಗಡಿಗೆ ಒಯ್ಯುವುದೇ ಆದರೆ ‘ರಿಪೇರಿ ಮಾಡಿ’ ಅನ್ನಬೇಡಿ. ‘ಮೊದಲು ಡೇಟಾ ಕಾಪಿ ಮಾಡಿಕೊಡಿ, ನಾನು ತೆರೆದು ನೋಡುತ್ತೇನೆ, ಆಮೇಲೆ ಹೊಸ ಎಸ್‌ಎಸ್‌ಡಿ ಮೇಲೆ ವಿಂಡೋಸ್ ಹಾಕಿ, ಹಳೇ ಡಿಸ್ಕ್ ವಾಪಸ್ ಕೊಡಿ’ ಅಂತ ಬರೆದುಕೊಡಿ. ಬೇಕಾದ ಫೋಲ್ಡರ್‌ಗಳ ಹೆಸರೂ ಅದರಲ್ಲಿರಲಿ. ‘ಡೇಟಾ ಬೇಕು’ ಅಂತ ಬಾಯಲ್ಲಿ ಹೇಳಿದರೆ ಅವರಿಗೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಅಷ್ಟೇ ಹೊಳೆಯುತ್ತದೆ, ಟ್ಯಾಲಿ ಹೊಳೆಯುವುದಿಲ್ಲ. ನಾಣ್ಯದ ಬ್ಯಾಟರಿಯನ್ನೂ ಬದಲಾಯಿಸಲು ಹೇಳಿ. ದುಡ್ಡು ಕೊಡುವ ಮೊದಲು ಅಲ್ಲೇ ಕೂತು ಟ್ಯಾಲಿಯಲ್ಲಿ ಹೋದ ತಿಂಗಳ ಲೆಕ್ಕ ತೆರೆಸಿ, ಒಂದು ಹಾಡು ತೆರೆಸಿ.

ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿ. ನಾಲ್ಕು ಸಲ ಕೂಗಿ ನಿಂತಿತು ಅಂದರೆ ಅದರ ಬ್ಯಾಟರಿ ಮುಗಿದೇ ಹೋಗಿದೆ, ಯುಪಿಎಸ್ ಪೂರ್ತಿ ಬದಲಾಯಿಸಬೇಕಾಗಿಲ್ಲ. ಹಾಕಿಸಿದ ಮೇಲೆ ಒಂದು ದಿನ ಯಾವ ಫೈಲೂ ತೆರೆಯದೆ ಕಂಪ್ಯೂಟರ್ ಆನ್ ಮಾಡಿ, ಗೋಡೆಯ ಸ್ವಿಚ್ ಆಫ್ ಮಾಡಿ ಎಷ್ಟು ಹೊತ್ತು ತಡೆಯುತ್ತದೆ ನೋಡಿ. ಹತ್ತು ನಿಮಿಷವಾದರೂ ತಡೆದರೆ ಸಾಕು. ಮಳೆಗಾಲದಲ್ಲಿ ಅಪ್‌ಡೇಟನ್ನು ‘ಪಾಜ್’ (ಸ್ವಲ್ಪ ತಡೆ) ಒತ್ತಿ ಮುಂದಕ್ಕೆ ಹಾಕಬಹುದು, ಆಕಾಶ ತಿಳಿಯಾದ ದಿನ ಹಗಲಲ್ಲಿ ಮಾಡಿಕೊಳ್ಳಿ.